ಇನ್ನೂರ ಅರವತ್ತು ದಿನ ಮತ್ತು ಒಂದು ಶೀಗಿ ಹುಣ್ಣಿಮೆ

2017ರಲ್ಲಿ ನಾನು ಈಗಿನ ನಿಪ್ಪಾಣಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ಊರಿನ ಹೆಸರು ಬೇಡ. ಭೋಜದಿಂದ ಮಹಾರಾಷ್ಟ್ರದ ಗಡಿಯ ಕಡೆಗೆ ಸ್ವಲ್ಪ ದೂರ ಎಂದರೆ ಸಾಕು. ಗರ್ಭಿಣಿಯರ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಬರೆಯುವುದು, ತಿಂಗಳ ತಪಾಸಣೆ ಮಾಡುವುದು, ಹೆರಿಗೆಗೆ ಆಸ್ಪತ್ರೆಗೆ ಕಳಿಸುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಎಷ್ಟೋ ಹೆರಿಗೆಗಳು ಒಂದರೊಳಗೊಂದು ಬೆರೆತುಹೋಗಿವೆ. ಇದೊಂದು ಮಾತ್ರ ಬೆರೆಯುವುದಿಲ್ಲ. ಆದರೂ ನೆನಪನ್ನು ನಂಬದೆ, ಅಂದಿನ ನೋಟ್‌ಬುಕ್ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನೆನಪು ನನ್ನನ್ನು ಒಳ್ಳೆಯವಳನ್ನಾಗಿ ಮಾಡಲು ನೋಡುತ್ತದೆ. ನೋಟ್‌ಬುಕ್ ಬಿಡುವುದಿಲ್ಲ.

ಆ ವರ್ಷ ಯುಗಾದಿಯ ವಾರ ಶೇವಂತವ್ವ ತನ್ನ ಸೊಸೆ ಸುನಂದಾಳನ್ನು ಕರೆದುಕೊಂಡು ಬಂದಳು. ಅತ್ತೆ ಸೊಸೆ ಇಬ್ಬರೂ ಮನೆಯಲ್ಲಿ ಬೀಡಿ ಕಟ್ಟುವವರು. ಒಂದಿಷ್ಟು ಹೊಲವಿತ್ತು. ಸುನಂದಾಳ ಗಂಡ ಕೊಲ್ಲಾಪುರದ ಕಡೆ ಲಾರಿ ಓಡಿಸುತ್ತಿದ್ದ. ಮೊದಲ ಬಸಿರು, ಸುನಂದಾ ಬಾಯಿ ಬಿಡಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರಿಸಿದಳು.

"ಕಡೇ ಸಲ ಮುಟ್ಟು ಯಾವಾಗ ಆಗಿತ್ತು?"

"ಅವರಾತ್ರಿ ಅಮಾಸಿಗಿ ಬರಲಿಲ್ರಿ ಬಾಯಾರ. ಅಲ್ಲಿಂದ ಎಣಸ್ರಿ."

ಕಾರ್ಡಿನಲ್ಲಿ ಎಲ್‌ಎಂಪಿ ಎಂಬ ಒಂದು ಚೌಕ ಇರುತ್ತದೆ. ಕೊನೆಯ ಮುಟ್ಟಿನ ಮೊದಲ ದಿನ ಎಂದರ್ಥ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ತಾರೀಖು ಸಿಗುತ್ತದೆ. ಹೊರಗೆ ಸಾಲು ಇತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಅವರಾತ್ರಿ ಅಮಾವಾಸ್ಯೆ ಹುಡುಕಿದೆ, ಜನವರಿ 27. ಅದನ್ನೇ ಚೌಕದಲ್ಲಿ ಬರೆದೆ. ಹೆರಿಗೆ ನವೆಂಬರ್ 3 ಎಂದು ಬಂತು.

ತಪ್ಪು ಆಗಿದ್ದು ಅಲ್ಲೇ. ನಮ್ಮ ಕಡೆಯ ಹೆಂಗಸರು ಬಸಿರನ್ನು ಮುಟ್ಟು ಬಂದ ದಿನದಿಂದ ಎಣಿಸುವುದಿಲ್ಲ, ಬರಬೇಕಾದ್ದು ಬಾರದ ದಿನದಿಂದ ಎಣಿಸುತ್ತಾರೆ. ಆಕೆ 'ಬರಲಿಲ್ಲ' ಎಂದೇ ಹೇಳಿದ್ದಳು. ನಾನು ಬಾರದ ದಿನವನ್ನು ಬಂದ ದಿನದ ಚೌಕದಲ್ಲಿ ಇಟ್ಟೆ. ಒಂದು ತಿಂಗಳು ಅಲ್ಲೇ ಮಾಯವಾಯಿತು.

ಶ್ರಾವಣದಲ್ಲಿ ಚಿಕ್ಕೋಡಿಯಲ್ಲಿ ನಮಗೆ ಒಂದು ದಿನದ ತರಬೇತಿ ನಡೆಯಿತು. ಹೊರಗಿನಿಂದ ಬಂದ ಡಾಕ್ಟರಮ್ಮ ಒಬ್ಬರು ಊಟದ ನಂತರ, ನಮ್ಮ ನಿದ್ದೆ ಓಡಿಸಲೆಂದೋ ಏನೋ, ಗ್ವಾಟೆಮಾಲಾ ದೇಶದ ಗುಡ್ಡಗಾಡಿನ ಚಿತ್ರಗಳನ್ನು ತೋರಿಸಿದರು. ಅಲ್ಲಿನ ಮಾಯಾ ಜನ ಇನ್ನೂರ ಅರವತ್ತು ದಿನಗಳ ಒಂದು ಪಂಚಾಂಗ ಇಟ್ಟುಕೊಂಡಿದ್ದಾರೆ. ದಿನಗಳಿಗೆ ಇಪ್ಪತ್ತು ಹೆಸರುಗಳು, ಹದಿಮೂರು ಅಂಕಿಗಳು. ಎರಡೂ ಜೊತೆಯಾಗಿ ತಿರುಗುತ್ತ ಹೋದರೆ ಅದೇ ಹೆಸರು ಅದೇ ಅಂಕಿಯನ್ನು ಮತ್ತೆ ಸೇರುವುದು ಇನ್ನೂರ ಅರವತ್ತು ದಿನಕ್ಕೆ. ಅಲ್ಲಿನ ಸೂಲಗಿತ್ತಿಯರು ಹೇಳುವಂತೆ ಇದು ಬಸಿರಿನ ಲೆಕ್ಕವೇ. ಬರಬೇಕಾದ ಮುಟ್ಟು ಬಾರದೆ ನಿಂತ ದಿನದಿಂದ ಹಿಡಿದರೆ ಸುಮಾರು ಇನ್ನೂರ ಅರವತ್ತು ದಿನಕ್ಕೆ ಕೂಸು ಬರುತ್ತದೆ. ಹುಟ್ಟಿದ ದಿನದ ಹೆಸರು ಕೂಸಿಗೆ ಅಂಟಿಕೊಳ್ಳುತ್ತದೆ. ದಿನ ಕಾಯುವ ಹಿರಿಯರು, ನಾವು ಹಾಲವಾಣ ಎನ್ನುತ್ತೇವಲ್ಲ ಆ ಜಾತಿಯ ಮರದ ಕೆಂಪು ಬೀಜಗಳನ್ನು ಹರವಿ ಎಣಿಸುತ್ತಾರೆ. ಅವರಿಗೆ ಪ್ರತಿ ದಿನವೂ ಒಬ್ಬ ದೊರೆ. ಒಂದು ದಿನ ಬೀಜಕ್ಕೆ, ಇನ್ನೊಂದು ಸತ್ತವರಿಗೆ, ಮತ್ತೊಂದು ಮಣ್ಣಿನ ಕ್ಷಮೆ ಕೇಳಲಿಕ್ಕೆ. ಇದಲ್ಲದೆ ಮುನ್ನೂರ ಅರವತ್ತೈದು ದಿನಗಳ ಬೇರೊಂದು ವರ್ಷವೂ ಉಂಟು. ಅದರ ಕೊನೆಯ ಐದು ದಿನ ದೊಡ್ಡ ಕೆಲಸಕ್ಕೆ ಕೈ ಹಾಕದೆ ಮನೆಯಲ್ಲಿ ತಗ್ಗಿ ಇರುತ್ತಾರೆ. ವರ್ಷದ ಹೊರೆ ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ದಾಟುವ ಹೊತ್ತಂತೆ ಅದು.

"2012ರಾಗ ಜಗತ್ತು ಮುಳಗತೈತಿ ಅಂತ ಟಿವ್ಯಾಗ ತೋರಿಸಿದ್ರಲ್ರಿ, ಅದ ಮಂದಿ ಏನ್ರಿ ಇವರು?" ಎಂದು ಪಕ್ಕದವಳು ಕೇಳಿದಳು.

ಡಾಕ್ಟರಮ್ಮ ಹೇಳಿದರು: ಮುಳುಗುತ್ತದೆಂದು ಮಾಯಾ ಜನ ಹೇಳಿರಲಿಲ್ಲ. ಅವರದೊಂದು ದೀರ್ಘ ಎಣಿಕೆಯ ದೊಡ್ಡ ಸುತ್ತು ಮುಗಿದು ಮರುದಿನ ಮುಂದಿನ ಸುತ್ತು ಶುರುವಾಗುವುದಿತ್ತು, ಅಷ್ಟೇ. ಅದನ್ನು ಹೆದರಿಕೆಯಾಗಿ ಮಾರಿದವರು ಬೇರೆಯವರು.

ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ವೈದ್ಯಾಧಿಕಾರಿ ಎದ್ದು ನಿಂತರು. "ನೋಡ್ರಿ, ಓದಾಕ ಬರೀಲಾಕ ಬರದ ಸೂಲಗಿತ್ತಿ ಎಷ್ಟ ವೈಜ್ಞಾನಿಕವಾಗಿ ಎಣಸ್ಯಾಳ. ಇದಕ್ಕ ಅಂತಾರ ನಾಗರಿಕತೆ." ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆ ಸಭೆಯಲ್ಲೇ ನನಗೆ ಶೇವಂತವ್ವ ನೆನಪಾದಳು, ಕಾರ್ಡ್ ತಿದ್ದಬೇಕೆಂದು ಎದೆ ಹಾರಿತು ಎಂದು ಬರೆಯಬಹುದು. ಈ ಸಂಗತಿಯನ್ನು ಬಾಯಿಮಾತಿನಲ್ಲಿ ಹೇಳುವಾಗ ಒಂದೆರಡು ಸಲ ಹಾಗೇ ಹೇಳಿಯೂ ಇದ್ದೇನೆ. ಅದು ಸುಳ್ಳು. ನೋಟ್‌ಬುಕ್ಕಿನ ಆ ಪುಟದಲ್ಲಿ 13 × 20 = 260 ಎಂದಿದೆ, ಅದರ ಕೆಳಗೆ ಗೀಟು ಎಳೆದಿದ್ದೇನೆ. ಪಕ್ಕದಲ್ಲಿ ಒಂದು ಹೂವಿನ ಚಿತ್ರ ಬಿಡಿಸಿದ್ದೇನೆ. ಮತ್ತೇನೂ ಇಲ್ಲ.

ದಸರೆಯ ಬೆನ್ನಿಗೆ ಬರುವ ಶೀಗಿ ಹುಣ್ಣಿಮೆ ಕಳೆದ ಐದನೆಯ ದಿನ, ಅಕ್ಟೋಬರ್ 10ಕ್ಕೆ, ಶೇವಂತವ್ವ ಸೊಸೆಯನ್ನು ಕರೆದುಕೊಂಡು ಬಂದಳು. ಮುಖ ಗಂಟು ಹಾಕಿಕೊಂಡಿದ್ದಳು.

"ಹುಣ್ಣಿಮಿಗೆ ಆಗಬೇಕಿತ್ರಿ. ದಿನಾ ತುಂಬಿ ಮ್ಯಾಲ ಐದ ದಿನ ಆತು. ಕೂಸಿನ ಆಟ ಕಡಿಮಿ ಆಗೈತಿ ಅಂತಾಳ."

"ಇನ್ನೂ ಇಪ್ಪತ್ನಾಕ ದಿನ ಐತವ್ವ" ಎಂದು ಕಾರ್ಡ್ ತೋರಿಸಿದೆ.

"ಆ ಹಾಳಿ ನನಗ ತೋರಸಬ್ಯಾಡ್ರಿ, ನನಗ ಓದಾಕ ಬರೂದಿಲ್ಲ. ಎಳ್ಳ ಅಮಾಸಿಗಿ ಈಕಿ ಹೊರಗಾಗಿದ್ಲು. ನಾವೆಲ್ಲಾರೂ ಚರಗಾ ಚೆಲ್ಲಾಕ ಹೊಲಕ್ಕ ಹೋದ್ರ ಈಕಿ ಒಬ್ಬಾಕಿನ ಮನ್ಯಾಗ ಕುಂತಿದ್ಲು. ಬುತ್ತಿ ಕಟ್ಟಿಟ್ಟ ಹೋಗಿದ್ದೆ. ಕೇಳ್ರಿ ಬೇಕಾದ್ರ."

ಸುನಂದಾ ತಲೆ ಬಗ್ಗಿಸಿ, "ಹೌದ್ರಿ" ಎಂದಳು. ಆಕೆಯ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಎಳ್ಳ ಅಮಾವಾಸ್ಯೆಗೆ ಹೊಲದ ತಾಯಿಗೆ ಉಣಿಸುವ ಚರಗಕ್ಕೆ ಮುಟ್ಟಾದ ಹೆಣ್ಣು ಹೋಗುವಂತಿಲ್ಲ. ಆ ಕಟ್ಟಳೆ ನನಗೆ ಹಿಡಿಸುವುದಿಲ್ಲ. ಆದರೆ ಯಾರು ಹೋದರು, ಯಾರು ಮನೆಯಲ್ಲಿ ಉಳಿದರು ಎಂಬುದನ್ನು ಆ ದಿನ ಇಡೀ ಓಣಿ ನೋಡಿರುತ್ತದೆ. ನನ್ನ ಕಾರ್ಡಿಗಿಂತ ಗಟ್ಟಿಯಾದ ದಾಖಲೆ ಅದು. ಎಳ್ಳ ಅಮಾವಾಸ್ಯೆ ಅವರಾತ್ರಿಗಿಂತ ಒಂದು ತಿಂಗಳು ಮೊದಲು ಬರುತ್ತದೆ. ಆ ಲೆಕ್ಕದಂತೆ ಸುನಂದಾಳಿಗೆ ಆಗಲೇ ನಲವತ್ತು ವಾರ ದಾಟಿತ್ತು. ದಿನ ಮೀರಿದರೆ ಕೂಸಿನ ಸುತ್ತಲಿನ ನೀರು ಕಡಿಮೆಯಾಗುತ್ತದೆ, ಮಾಸು ದಣಿಯುತ್ತದೆ. ಕೂಸಿನ ಆಟ ಕಡಿಮೆಯಾದರೆ ಕಾರ್ಡ್ ಏನೇ ಹೇಳಲಿ, ಮೊದಲು ಆಸ್ಪತ್ರೆಗೆ ಕಳಿಸಬೇಕು. ಅದು ನನಗೆ ಗೊತ್ತಿತ್ತು.

ವೈದ್ಯಾಧಿಕಾರಿಗೆ ಫೋನ್ ಮಾಡಿದೆ. ಹೆಂಗಸರು ಹೇಳಿದ್ದನ್ನೆಲ್ಲ ಹೇಳಿದೆ. ಚರಗದ ಮಾತು ಬರುತ್ತಲೇ ಅವರು ತಡೆದರು.

"ಅಮಾಸಿ ಹುಣ್ಣಿಮಿ ಲೆಕ್ಕಾ ನನಗ ಹೇಳಬ್ಯಾಡ್ರಿ ಸಿಸ್ಟರ್. ಕಾರ್ಡ್ ಏನ ಹೇಳತೈತಿ?"

"ಮೂವತ್ತಾರು ವಾರ ದಾಟೈತ್ರಿ."

"ಸ್ಕ್ಯಾನ್?"

"ಎಂಟನೇ ತಿಂಗಳದಾಗ ಮಾಡ್ಸ್ಯಾರ. ಕಾರ್ಡಿಗಿ ಹೊಂದತೈತ್ರಿ."

"ಮತ್ತ? ಮನಿಗೆ ಕಳಸ್ರಿ."

ತಡವಾಗಿ ಮಾಡಿಸಿದ ಸ್ಕ್ಯಾನಿನ ವಾರದ ಲೆಕ್ಕ ಮೂರು ವಾರದವರೆಗೂ ಹಿಂದೆಮುಂದೆ ಆಗಬಹುದು. ಸಣ್ಣಗೆ ಬೆಳೆದ ಕೂಸು ಅದರಲ್ಲಿ ಎಳೆಯದಾಗಿ ಕಾಣುತ್ತದೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಕಾರ್ಡ್ ಏನು ಹೇಳುತ್ತದೆ ಎಂದು ಕೇಳಿದರು. ನಾನೇ ಬರೆದ ತಪ್ಪನ್ನು ನಾನೇ ಅವರಿಗೆ ಓದಿ ಹೇಳಿದೆ. ಅದು ಇಬ್ಬರಿಗೂ ಸಾಕ್ಷಿಯಾಯಿತು.

ಶೇವಂತವ್ವನಿಗೆ ಮನೆಗೆ ಹೋಗಲು ಹೇಳಿದಾಗ ಆಕೆ ಜಗಳ ಮಾಡಲಿಲ್ಲ. ಸೊಸೆಯ ಸೆರಗು ಸರಿಪಡಿಸಿ, "ನಡಿ, ಶಾಣ್ಯಾ ಮಂದಿ ಹೇಳಾಕತ್ತಾರ" ಎಂದಳು. ಆ ವ್ಯಂಗ್ಯ ನನಗೆ ಆಗ ತಾಗಿತೋ ಇಲ್ಲವೋ, ನೆನಪಿಲ್ಲ. ಈಗಂತೂ ದಿನಾ ತಾಗುತ್ತದೆ.

ದೀಪಾವಳಿ ಅಮಾವಾಸ್ಯೆಯ ದಿನ ಬೆಳಗಾಗುವುದರೊಳಗೆ ಅವರು ನನ್ನ ಬಾಗಿಲಿಗೆ ಬಂದರು. ಹಿಂದಿನ ಸಂಜೆಯಿಂದ ಕೂಸು ಅಲುಗಾಡಿರಲಿಲ್ಲ. ಅಮಾವಾಸ್ಯೆಗೆ ಶೇವಂತವ್ವ ಎತ್ತು ಹೂಡುವವಳಲ್ಲ, ಊರ ಗಡಿ ದಾಟುವವಳೂ ಅಲ್ಲ. ಅವತ್ತು ಯಾರದೋ ಟೆಂಪೋ ನಿಲ್ಲಿಸಿ ಸೊಸೆಯನ್ನು ಮಲಗಿಸಿದ್ದಳು. ನಾನೂ ಹತ್ತಿದೆ. ದಾರಿಯಲ್ಲಿ ಮೂರು ಸಲ ಸುನಂದಾಳ ಹೊಟ್ಟೆಗೆ ಕಿವಿಗೊಟ್ಟೆ. ಕೂಸಿನ ಎದೆಬಡಿತ ಸಿಗಲಿಲ್ಲ. ಮೂರು ಸಲವೂ ಟೆಂಪೋದ ಸದ್ದಿಗೆ ಕೇಳುತ್ತಿಲ್ಲ ಎಂದು ಹೇಳಿದೆ.

ಆ ದಿನ ಮಧ್ಯಾಹ್ನ ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡು ಕೂಸು, ಉಸಿರಿರಲಿಲ್ಲ. ಉಗುರುಗಳು ಬೆರಳ ತುದಿ ದಾಟಿ ಬೆಳೆದಿದ್ದವು. ಅಂಗೈ ಚರ್ಮ ಒಣಗಿ ಸುಲಿದಿತ್ತು. "ಇದು ದಿನಾ ಮೀರಿದ ಕೂಸು ಸಿಸ್ಟರ್. ಕಾರ್ಡ್ ಯಾರ ಬರದವರು?" ಎಂದು ಅಲ್ಲಿನ ಡಾಕ್ಟರ್ ಕೇಳಿದರು. ನಾನೇ ಎಂದೆ.

ಇಂಥ ಸಾವಿಗೆ ಪರಿಶೀಲನಾ ಸಭೆ ನಡೆಯುತ್ತದೆ. ಎಲ್ಲಿ ತಡವಾಯಿತು, ಯಾಕೆ, ಮುಂದೆ ಏನು ಮಾಡಬೇಕು ಎಂದು ಬರೆಯುವುದು ಅದರ ಉದ್ದೇಶ. ಹಬ್ಬ ಮುಗಿದ ಮೇಲೆ ಸಭೆ ಕೂಡಿತು. ವರದಿ ಮೊದಲೇ ಟೈಪಾಗಿತ್ತು. ಕಾರಣದ ಸಾಲಿನಲ್ಲಿ ಹೀಗಿತ್ತು: ಅಮಾವಾಸ್ಯೆಯ ಮೂಢನಂಬಿಕೆಯಿಂದ ಕುಟುಂಬದವರು ಆಸ್ಪತ್ರೆಗೆ ಬರಲು ವಿಳಂಬ ಮಾಡಿದ್ದಾರೆ.

"ಸರ್, ಅವರು ಅಮಾವಾಸಿ ದಿನಾನ ಬಂದಾರ. ಒಂಬತ್ತ ದಿನಾ ಮೊದಲ ನನ್ನ ಕಡೆ ಬಂದಿದ್ರು. ನಾವ ಹೊಳ್ಳಿ ಮನಿಗೆ ಕಳಿಸೀವಿ."

"ಸಿಸ್ಟರ್, ನಿಮ್ಮನ್ನ ಉಳಸಾಕ ಬರದೀನಿ ಇದನ್ನ" ಎಂದರು ವೈದ್ಯಾಧಿಕಾರಿ. ಮೆತ್ತಗೆ, ಅಕ್ಕರೆಯಿಂದ. ಶ್ರಾವಣದಲ್ಲಿ ಎದ್ದು ನಿಂತು ಗ್ವಾಟೆಮಾಲಾದ ಸೂಲಗಿತ್ತಿಯನ್ನು ಹೊಗಳಿದ ಅದೇ ಮನುಷ್ಯ. ಅವಳು ಎಣಿಸಿದರೆ ನಾಗರಿಕತೆ. ಶೇವಂತವ್ವ ಎಣಿಸಿದರೆ ಮೂಢನಂಬಿಕೆ, ಅದೂ ಆಕೆ ಪಾಲಿಸದ ಮೂಢನಂಬಿಕೆ. ಸಮುದ್ರದಾಚೆಯ ಹೆಂಗಸು ಚಿತ್ರದಲ್ಲಿ ಇರುತ್ತಾಳೆ, ನಮ್ಮ ಲೆಕ್ಕ ತಪ್ಪೆಂದು ಉಪಕೇಂದ್ರದ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಅದಕ್ಕೇ ಅವಳಿಗೆ ಚಪ್ಪಾಳೆ.

ನಾನು ಸಹಿ ಮಾಡಿದೆ. ಇದನ್ನು ದಾಟಿ ಮುಂದೆ ಹೋಗಲು ಮನಸ್ಸಾಗುತ್ತದೆ, ಆದರೆ ಕಡತದಲ್ಲಿ ನನ್ನ ಸಹಿ ಇದೆ.

ಸಭೆಯಾಗಿ ನಾಲ್ಕು ದಿನ ಬಿಟ್ಟು ಬಾಣಂತಿಯನ್ನು ನೋಡಲು ಅವರ ಮನೆಗೆ ಹೋದೆ. ಸುನಂದಾಳಿಗೆ ಎದೆಹಾಲು ಕಟ್ಟಿ ಇನ್ನೂ ನೋವಾಗುತ್ತಿತ್ತು. ಶೇವಂತವ್ವ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಆಶಾ ಕಾರ್ಯಕರ್ತಿ ಬಂದ ಹೇಳಿದ್ಲು. ಅಮಾಸಿ ಸಲುವಾಗಿ ನಾನ ತಡಾ ಮಾಡಿದ್ನಿ ಅಂತ ಬರದೀರಂತ."

ಹೌದು ಎಂದೆ.

"ನನ್ನ ಮಗಾ ಕೇಳ್ಯಾನ, ಅವ್ವಾ ಖರೇನ ಅಂತ. ಸಮೋರ ನಿಂತ ಕೇಳ್ಯಾನ." ಕತ್ತರಿ ನಿಂತಿತು. "ಕೂಸಂತೂ ಹೋತು. ನನ್ನ ಲೆಕ್ಕಾ ತಪ್ಪಿತ್ತೇನ್ರಿ ಬಾಯಾರ?"

ಮರುದಿನ ನಾನು ಒಂದು ಹೇಳಿಕೆ ಬರೆದೆ. ಎಲ್‌ಎಂಪಿ ತಪ್ಪಾಗಿ ದಾಖಲಿಸಿದವಳು ನಾನು, ಕುಟುಂಬದವರು ಸರಿಯಾದ ದಿನ ಹೇಳಿದ್ದರು, ಸಮಯಕ್ಕೆ ಬಂದಿದ್ದರು, ನಾವು ವಾಪಸು ಕಳಿಸಿದೆವು, ವರದಿಯ ಕಾರಣ ಸುಳ್ಳು. ನನಗೆ ಕಾರಣ ಕೇಳುವ ನೋಟಿಸ್ ಬಂತು, ಆಮೇಲೆ ವರ್ಗಾವಣೆ. ವರದಿ ತಿದ್ದಲಿಲ್ಲ. ನನ್ನ ಹಾಳೆಯನ್ನು ಅದರ ಹಿಂದೆ ಪಿನ್ ಮಾಡಿದರಂತೆ. ಈಗಲೂ ಎರಡೂ ಒಟ್ಟಿಗೆ ಇರಬೇಕು. ಮೇಲಿನ ಹಾಳೆಯನ್ನಷ್ಟೇ ಓದುವವರಿಗೆ ಆ ಕೂಸನ್ನು ಕೊಂದದ್ದು ಅಮಾವಾಸ್ಯೆಯೇ.

ಹೇಳಿಕೆಯ ಪ್ರತಿಯನ್ನು ಶೇವಂತವ್ವನ ಮನೆಗೆ ಒಯ್ದೆ. ಮಗ ಮನೆಯಲ್ಲಿದ್ದ. ಆಕೆ ಅವನನ್ನು ಎದುರಿಗೆ ಕೂರಿಸಿ ನನಗೆ, "ಓದ್ರಿ" ಎಂದಳು. ಓದಿದೆ. "ಎಳ್ಳ ಅಮಾಸಿದು ಇನ್ನೊಮ್ಮಿ ಓದ್ರಿ" ಎಂದಳು. ಮತ್ತೆ ಓದಿದೆ. ಮಗ ತಾಯಿಯ ಮುಖ ನೋಡಲಾರದೆ ಎದ್ದು ಹೊರಗೆ ಹೋದ.

ಶೇವಂತವ್ವ ಕೇಳಿದಳು: "ಹಿಂಗ ಅವತ್ತ ಯಾಕ ಓದಿ ಹೇಳಲಿಲ್ರಿ, ಯುಗಾದಿ ಮುಂದ? ಅಲ್ಲೇ ಹೇಳ್ತಿದ್ನಲ್ಲ, ತಪ್ಪೈತಿ ಅಂತ."

ಅಷ್ಟು ವರ್ಷಗಳಲ್ಲಿ ಎಷ್ಟೋ ಕಾರ್ಡ್ ಬರೆದಿದ್ದೆ, ಒಂದನ್ನೂ ಯಾರಿಗೂ ಓದಿ ಹೇಳಿರಲಿಲ್ಲ. ಓದು ಬಾರದವರಿಗೆ ಓದಿ ಹೇಳುವುದು ಕೆಲಸದ ಭಾಗವೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆಮೇಲೆ ವರ್ಗವಾಗಿ ಹೋದ ರಾಯಬಾಗದ ಕಡೆ ಇದ್ದಷ್ಟು ದಿನವೂ ಹೆಂಗಸರಿಗೆ ಎರಡು ಪ್ರಶ್ನೆ ಕೇಳಿದೆ. ಮುಟ್ಟು ಕಡೆಗೆ ಬಂದದ್ದು ಯಾವ ಹಬ್ಬದ ಸುತ್ತ, ಮೊದಲು ಬಾರದ್ದು ಯಾವ ಹಬ್ಬದ ಸುತ್ತ. ಎರಡನ್ನೂ ಕಾರ್ಡಿನ ಅಂಚಿನಲ್ಲಿ ಬರೆದು, ಗಟ್ಟಿಯಾಗಿ ಓದಿ, "ಹೌದ್ರಿ" ಎನ್ನುವವರೆಗೆ ಕಾಯುತ್ತಿದ್ದೆ. ಸಾಲು ಉದ್ದವಾಗುತ್ತಿತ್ತು. ಆಗಲಿ ಎಂದು ಬಿಡುತ್ತಿದ್ದೆ.