ನನ್ನೆದುರು ಆಡಿದ ಮರಾಠಿ

ನಾನು ಮದುವೆಯಾಗಿ ಬಂದ ಮನೆಯಲ್ಲಿ ಮರಾಠಿ ಇತ್ತು, ಆದರೆ ಯಾರೂ ಯಾರ ಜೊತೆಗೂ ಅದನ್ನು ಆಡುತ್ತಿರಲಿಲ್ಲ. ಈ ವಾಕ್ಯ ಸ್ವಲ್ಪ ಜಾಣತನದ್ದಾಯಿತು. ಬಿಡಿಸಿ ಹೇಳುತ್ತೇನೆ.

ಜಾತಿ ಒಂದೇ. ನಾವೂ ಲಿಂಗ ಕಟ್ಟುವವರು, ಅವರೂ ಕಟ್ಟುವವರು. ನಮ್ಮದು ಭಾನುವಳ್ಳಿ, ಕಾಲುವೆ ನೀರಿನ ಗದ್ದೆ. ಅವರು ಯಾವುದೋ ಕಾಲಕ್ಕೆ ಸೊಲ್ಲಾಪುರದ ಕಡೆಯಿಂದ ಬಟ್ಟೆಯ ಗಂಟು ಹೊತ್ತು ಬಂದು, ಹರಿಹರದಲ್ಲಿ ಮನೆ, ದಾವಣಗೆರೆಯಲ್ಲಿ ಸೀರೆ ಅಂಗಡಿ ಮಾಡಿಕೊಂಡವರು. ತೊಂಬತ್ತರ ದಶಕ ಮುಗಿಯುತ್ತಿತ್ತು. ದಾವಣಗೆರೆಯ ಸರಸ್ವತಿ ನಗರದ ಹೊಸ ಮನೆಯಲ್ಲಿ ನನ್ನ ಗಂಡ, ಇಂಜಿನಿಯರಿಂಗ್ ಓದುತ್ತಿದ್ದ ಮೈದುನ, ಬಿ.ಕಾಂ. ಓದುತ್ತಿದ್ದ ನಾದಿನಿ ಮತ್ತು ಅವರ ಅಜ್ಜಿ. ಅತ್ತೆ ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು.

ಹರಿಹರದ ಓಣಿಯಲ್ಲಿ ಮರಾಠಿ ಮಾತಾಡಲು ಉಳಿದಿದ್ದ ಒಬ್ಬಳೇ ಗೆಳತಿ ಸತ್ತ ಮೇಲೆ ಅಜ್ಜಿ ಆ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದಿದ್ದಳು. ಮೊಮ್ಮಕ್ಕಳ ಬಾಯಲ್ಲಾದರೂ ಕೇಳೋಣ ಅಂತ ಬಂದೆ ಎಂದು ಅವಳೇ ನನಗೆ ಹೇಳಿದ್ದು. ಊಟ, ಬಟ್ಟೆ, ಔಷಧಿ ಯಾವುದರಲ್ಲೂ ಅವಳಿಗೆ ತಕರಾರಿರಲಿಲ್ಲ. ಬೇಕಿದ್ದದ್ದು ಇದೊಂದೇ.

ಮೊಮ್ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು.

“ಅಜ್ಜೀ, ಆ ಮಾತು ಬ್ಯಾಡ ಬಿಡು, ಫ್ರೆಂಡ್ಸ್ ಬಂದಾಗ ನಗ್ತಾರೆ,” ಎಂದ ಮೈದುನ.

“ನಗ್ಲಿ. ಹಲ್ಲು ಇದ್ದೋರು ನಗ್ತಾರೆ.”

“ಹಂಗಲ್ಲಜ್ಜಿ. ಬೆಂಗಳೂರು ಹುಡುಗ್ರ ಮುಂದೆ ನಮ್ಮ ಕನ್ನಡನೇ ನಡೆಯಲ್ಲ. ಇನ್ನ ಮರಾಠಿ ಎಲ್ಲಿ ತಗಂಡು ಹೋಗ್ಲಿ?”

ಅಜ್ಜಿಯೂ ಕನ್ನಡಕ್ಕೆ ಬಂದಳು. ಮರಾಠಿಗೆ ಉಳಿದದ್ದು ಎರಡು ಜಾಗ. ಒಂದು ಅಂಗಡಿ, ಇನ್ನೊಂದು ನನ್ನ ಮುಖದ ಮುಂದೆ. ಗಿರಾಕಿಗೆ ತಿಳಿಯಬಾರದ್ದನ್ನೂ ಸೊಸೆಗೆ ತಿಳಿಯಬಾರದ್ದನ್ನೂ ಅವರು ಮರಾಠಿಯಲ್ಲಿ ಆಡುತ್ತಿದ್ದರು. ಹಾಗೆ ಆಡುವಾಗ ಎಷ್ಟು ಸಲೀಸು, ಎಷ್ಟು ಚುರುಕು. ನಾಚಿಕೆ ಎಂಬುದು ಅಲ್ಲಿ ಎಲ್ಲಿ ಹೋಗುತ್ತಿತ್ತೋ ಕಾಣೆ.

ನಾನು ಮಧ್ಯಾಹ್ನದ ಊಟ ಅಂಗಡಿಗೆ ಒಯ್ಯುವಾಗ ಅಜ್ಜಿಯೂ ಹೊರಡುತ್ತಿದ್ದಳು. ಗಾದಿಯ ಮೂಲೆಯಲ್ಲಿ ಕೂತು, ಮೊಮ್ಮಕ್ಕಳು ಗಿರಾಕಿಗಳ ತಲೆಯ ಮೇಲಿಂದ ಎಸೆದಾಡುವ ಮರಾಠಿ ಕೇಳುತ್ತಿದ್ದಳು. ಒಂದು ದಿನ ಕುಕ್ಕುವಾಡದ ಹೆಂಗಸೊಬ್ಬಳು ಮಗಳ ಉಡಿ ತುಂಬಲು ಸೀರೆ ನೋಡುತ್ತಿದ್ದಳು. ಹಸಿರು ಸೀರೆ. ಇಲ್ಲ, ನೀಲಿ ಎಂದು ಗಂಡ ಹೇಳುತ್ತಾನೆ. ನನ್ನ ಹಸಿರಿಗೆ ಸಾಕ್ಷಿಯಿಲ್ಲ, ಅವನ ನೀಲಿಗೂ ಇಲ್ಲ. ಇದು ಬಣ್ಣ ಬಿಡುತ್ತೆ, ಇವತ್ತೇ ದಾಟಿಸು ಎಂದು ರಜೆಗೆ ಅಂಗಡಿಯಲ್ಲಿದ್ದ ಮೈದುನ ಅಣ್ಣನಿಗೆ ಮರಾಠಿಯಲ್ಲಿ ಅಂದ. ಅಜ್ಜಿ ಮುಂದೆ ಬಾಗಿದಳು.

“ತಂಗೀ, ಅದು ಬಣ್ಣ ಬಿಡತೈತಂತೆ. ನನ್ನ ಮೊಮ್ಮಗ ಹೇಳ್ತಾನೆ. ಬ್ಯಾರೆದು ನೋಡು.”

ಆ ಹೆಂಗಸು ನನ್ನ ಗಂಡನ ಕಡೆ ತಿರುಗಿ, “ಸಾಹುಕಾರ್ರೆ, ಈ ಅಮ್ಮನ್ನ ಗಲ್ಲೆ ಮ್ಯಾಲೆ ಕೂಡ್ಸಿರಿ. ನಾವು ದಿನಾ ಬರ್ತೀವಿ,” ಎಂದಳು.

ಅಜ್ಜಿ ಹಾಗೇಕೆ ಮಾಡಿದಳು? ನ್ಯಾಯವಂತೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನನಗನಿಸುವುದು ಬೇರೆ. ತನ್ನ ಭಾಷೆಯಲ್ಲಿ ಒಂದು ಮಾತು ಕಿವಿಗೆ ಬಿತ್ತು, ಅವಳು ಆ ಮಾತಿನೊಳಗೆ ಸೇರಿಕೊಂಡಳು, ಅಷ್ಟೆ. ಅಂದಿನಿಂದ ಅವಳನ್ನು ಅಂಗಡಿಗೆ ಕರೆದೊಯ್ಯಬೇಡ ಎಂದರು. ಅಂಗಡಿಯ ಗುಟ್ಟೂ ಇಂಗ್ಲಿಷಿಗೆ ಹೋಯಿತು. ಹಳ್ಳಿಯವರಿಗೆ ಅದು ಇನ್ನೂ ಭದ್ರ ಎಂದ ಮೈದುನ.

ಉಳಿದದ್ದು ನಾನು.

ಆ ಭಾಷೆಯಲ್ಲಿ ನನಗೆ ಮೊದಲು ಅರ್ಥವಾದ ವಾಕ್ಯ “ತಿಲಾ ಕಳತ ನಾಹಿ.” ಅವಳಿಗೆ ತಿಳಿಯುವುದಿಲ್ಲ ಎಂದರ್ಥ. ನನ್ನ ಬಗ್ಗೆ ಏನಾದರೂ ಆಡುವ ಮುಂಚೆ ನಾದಿನಿ ಅದನ್ನು ಹೇಳುತ್ತಿದ್ದಳು. ಅದರ ಬೆನ್ನ ಹಿಂದೆ ಉಳಿದವು ಬಂದವು. ನಾನು ನಿಧಾನ, ನನ್ನ ಸೀರೆಯ ನೆರಿಗೆ ದಪ್ಪ, ನಾನು ಫೋನಿನಲ್ಲಿ ಗದ್ದೆಯಿಂದ ಕೂಗಿದಂತೆ ಮಾತಾಡುತ್ತೇನೆ. ಇದೆಲ್ಲ ಯಾವಾಗ ತಿಳಿಯತೊಡಗಿತು ಎಂಬುದಕ್ಕೆ ಗೆರೆ ಎಳೆಯಲಾರೆ. ಒಂದು ಸಂಜೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಅವಳಿಗೆ ಯಾವಾಗ ಗೊತ್ತಾಗುತ್ತೋ ನೋಡೋಣ ಎಂದು ನಾದಿನಿ ಅಣ್ಣನಿಗೆ ಮರಾಠಿಯಲ್ಲಿ ಹೇಳಿದಳು. ನಾನು ಎದ್ದೆ. ಅವರು ಗಮನಿಸಲಿಲ್ಲ, ಅಜ್ಜಿ ಗಮನಿಸಿದಳು. ಹಿಂದೆಯೇ ಅಡುಗೆಮನೆಗೆ ಬಂದಳು.

“ಯಾವಾಗಿಂದ?”

“ಗೊತ್ತಿಲ್ಲಜ್ಜಿ. ಹಂಗೇ ಬಂತು.”

“ಹೇಳ್ಬ್ಯಾಡ. ನಿನಗೆ ತಿಳಿತೈತೆ ಅಂತ ಗೊತ್ತಾದ್ರೆ ಈ ಮನ್ಯಾಗ ಅದನ್ನ ಆಡೋದೇ ಬಿಡ್ತಾರೆ. ಆಮೇಲೆ ನಾ ಎಲ್ಲಿ ಕೇಳ್ಲಿ?”

“ನನ್ನ ಆಡ್ಕೊಳ್ಳೋದ್ನ ಕೇಳ್ಕಂತ ಸುಮ್ನೆ ಕೂಡ್ಲಾ?”

“ಆಡ್ಕೊಳ್ಲಿ ಬಿಡವ್ವಾ. ಆ ಹುಡುಗಿ ಎಷ್ಟು ಚೆಂದ ಆಡ್ತಾಳೆ, ಥೇಟ್ ನಮ್ಮತ್ತೆ ಬೈದಂಗೆ.”

ಅವಳ ಕಣ್ಣಲ್ಲಿ ನೀರಿತ್ತು ಎಂದು ಬರೆಯಬಹುದು. ಇರಲಿಲ್ಲ. ಖುಷಿಯಿತ್ತು. ನನ್ನನ್ನು ಹೀನಾಯವಾಗಿ ಆಡಿಕೊಳ್ಳುವ ಮಾತು ಅವಳಿಗೆ ತನ್ನವರ ದನಿಯಾಗಿತ್ತು. ಆ ಮನೆಯಲ್ಲಿ ಮರಾಠಿ ಉಳಿಯುವುದು ನನ್ನ ಪೆದ್ದುತನದ ಮೇಲೆ ನಿಂತಿತ್ತು. ನಾನು ಪೆದ್ದಿಯಾಗಿಯೇ ಉಳಿದೆ. ಯಾಕೆ ಒಪ್ಪಿದೆ ಎಂಬುದಕ್ಕೆ ಒಳ್ಳೆಯ ಉತ್ತರ ಈಗಲೂ ಇಲ್ಲ. ಪ್ರೀತಿ ಎಂಬ ಉತ್ತರ ಕೈಗೆ ಸುಲಭವಾಗಿ ಸಿಗುತ್ತದೆ. ಅದಕ್ಕೇ ನಂಬುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಅಪ್ಪ ಭಾನುವಳ್ಳಿಯಿಂದ ಹೊಸ ಅಕ್ಕಿಯ ಚೀಲ ತಂದರು. ಬಸ್ಸಿನ ಮೇಲೆ ಹಾಕಿಸಿಕೊಂಡು, ಹರಿಹರದಲ್ಲಿ ಇಳಿಸಿ ಬೇರೆ ಬಸ್ಸಿಗೆ ಹತ್ತಿಸಿ, ದಾವಣಗೆರೆಯಲ್ಲಿ ಆಟೋ ಹಿಡಿದು ತಂದದ್ದು. ಊಟಕ್ಕೆ ಮೇಜಿನ ಮುಂದೆ ಕೂರಿಸಿದೆವು. ಕುರ್ಚಿಯಲ್ಲಿ ಕೂತು ಉಣ್ಣುವುದು ಅವರಿಗೆ ಅಭ್ಯಾಸವಿಲ್ಲ, ಹಸಿವಾಗಿತ್ತು, ಬಾಗಿ ಬಾಗಿ ಉಂಡರು. ನಾನು ಎರಡನೇ ಸಲ ಅನ್ನ ಬಡಿಸಿದಾಗ ಮೈದುನ ಅಣ್ಣನ ಕಡೆ ನೋಡಿ ಮರಾಠಿಯಲ್ಲಿ ಅಂದ: ಇವರು ಚೀಲ ಕೊಡಲು ಬಂದರೋ, ಖಾಲಿ ಮಾಡಿಕೊಂಡು ಹೋಗಲು ಬಂದರೋ?

ನಾದಿನಿ ನಕ್ಕಳು. ನನ್ನ ಗಂಡನೂ ನಕ್ಕ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅಪ್ಪನೂ ನಕ್ಕರು, ಮೀಸೆಗೆ ಅಂಟಿದ ಅನ್ನ ಒರೆಸಿಕೊಳ್ಳುತ್ತ. “ಭಾಳ ನಗಸ್ತೀರಿ ಬಿಡ್ರಿ,” ಎಂದರು.

ಅನ್ನದ ಸೌಟು ಹಿಡಿದು ನಾನು ಅಜ್ಜಿಯನ್ನು ನೋಡಿದೆ. ಬೇಡಿಕೊಂಡೆನೋ ಬೆದರಿಸಿದೆನೋ, ನನ್ನ ಮುಖ ನನಗೆ ಕಾಣುವಂತಿರಲಿಲ್ಲ. ಅವಳು ತಟ್ಟೆಯಿಂದ ಕೈ ಎತ್ತಿದಳು.

“ಆಕಿಗೆ ತಿಳಿತೈತೆ,” ಎಂದಳು ಕನ್ನಡದಲ್ಲಿ. “ನೀವು ಆಡಿದ್ದೆಲ್ಲಾ ಆಕಿಗೆ ತಿಳಿತೈತೆ. ಮೊದ್ಲಿಂದ.”

ಅಪ್ಪ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದರು. ನಾದಿನಿ ನೀರು ತರಲು ಎದ್ದು ಹೋದಳು, ಜಗ್ ಮೇಜಿನ ಮೇಲೆಯೇ ಇತ್ತು. “ಏನಾತವ್ವಾ?” ಎಂದರು ಅಪ್ಪ. “ಏನಿಲ್ಲ, ಉಣ್ಣು,” ಎಂದೆ. ಅವರು ಉಣ್ಣಲಿಲ್ಲ.

ಯಾರೂ ಕ್ಷಮೆ ಕೇಳಲಿಲ್ಲ. ನನ್ನ ಗಂಡನಿಗೆ ಸಿಟ್ಟು ಬಂದದ್ದು ತಮ್ಮನ ಮೇಲಲ್ಲ, ಇಷ್ಟು ದಿನ ಕದ್ದು ಕೇಳಿದೆ ಎಂದು ನನ್ನ ಮೇಲೆ. ಮನೆಯಲ್ಲಿ ಮರಾಠಿ ಅಂದೇ ನಿಂತಿತು. ಅದಕ್ಕೆ ಅವರು ಶ್ರಮ ಪಡಬೇಕಾಗಲಿಲ್ಲ, ದುಃಖವೂ ಪಡಲಿಲ್ಲ. ಮುಚ್ಚಿಡುವ ಕೆಲಸ ಮುಗಿದ ಮೇಲೆ ಅದರಿಂದ ಇನ್ನೇನು ಕೆಲಸ?

ಮರುದಿನ ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಅಜ್ಜಿ ಅಡುಗೆಮನೆಯಲ್ಲಿ ನನ್ನ ಎದುರು ಮಣೆ ಹಾಕಿಕೊಂಡಳು. ಇನ್ನು ಅಡ್ಡಿಯೇನು ಎಂಬಂತೆ ಮರಾಠಿಯಲ್ಲಿ ಶುರು ಮಾಡಿದಳು. ನಿಲ್ಲಿಸಲಿಲ್ಲ. ಒಂದು ಬಾವಿ, ಯಾರೋ ಅಕ್ಕ, ಒಂದು ಪ್ರಯಾಣ ಇದ್ದಿರಬೇಕು, ಅವಳ ಕೈಗಳು ಹಾಗೆ ಆಡುತ್ತಿದ್ದವು. ನನಗೆ ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಏನೂ ತಿಳಿಯಲಿಲ್ಲ. ನಾನು ಕಲಿತದ್ದು ಸೊಸೆಯೊಬ್ಬಳಲ್ಲಿ ಹುಡುಕಬಹುದಾದ ಕುಂದುಗಳ ಮರಾಠಿ. ನಿಧಾನ, ದಪ್ಪ, ಹಳ್ಳಿ, ಎಷ್ಟು ತಿನ್ನುತ್ತಾರೆ. ಆ ಮನೆಯಲ್ಲಿ ಬಾವಿಯ ಬಗ್ಗೆ ನನ್ನೆದುರು ಯಾರೂ ಗುಟ್ಟು ಆಡಿರಲಿಲ್ಲ.

ನಾನು ತಲೆಯಾಡಿಸುತ್ತ ಹೋದೆ. ಆಡಿಸಬಾರದ ಕಡೆ ಆಡಿಸಿರಬೇಕು. ಅಜ್ಜಿ ನಡುವೆ ನಿಂತು ನನ್ನನ್ನು ನೋಡಿದಳು. ಆಮೇಲೆ ಕನ್ನಡದಲ್ಲಿ, “ಬ್ಯಾಳಿ ಬೆಂದಾವೇನು ನೋಡು,” ಎಂದಳು.