ಮೊಳೆಗೆ ತೂಗಿದ ಕೆಂಪು ದಾರ

ನೆಮಾನಿ ನನ್ನ ಗಂಡನನ್ನು ಸಮುದ್ರದಲ್ಲಿ ಬಿಟ್ಟು ಬಂದವನು. ಅವನ ದೋಣಿಯ ಇಂಜಿನ್ನಿನ ಕೆಂಪು ದಾರ ಈಗ ನನ್ನ ಅಂಗಡಿಯ ಮೊಳೆಯಲ್ಲಿ ತೂಗುತ್ತದೆ. ಅದನ್ನು ಸಿಕ್ಕಿಸದೆ ಇಂಜಿನ್ ಚಾಲೂ ಆಗುವುದಿಲ್ಲ. ದಿನಾ ಬೆಳಿಗ್ಗೆ ಬಂದು ಕೈಯೊಡ್ಡುತ್ತಾನೆ, ನಾನು ಕೊಡುತ್ತೇನೆ. ಇದೆಂಥ ಹಣೆಬರಹವೋ ನನಗೇ ಗೊತ್ತಿಲ್ಲ.

ನಮ್ಮ ದ್ವೀಪದಲ್ಲಿ ಅವನಷ್ಟು ಚೆನ್ನಾಗಿ ದೋಣಿ ನಡೆಸುವವರಿಲ್ಲ. ನೀರಿನ ಬಣ್ಣ ನೋಡಿ ಹವಳದ ದಿಬ್ಬ ಎಷ್ಟು ಆಳದಲ್ಲಿದೆ ಅಂತ ಹೇಳುತ್ತಾನೆ. ಇಸ್ಪೀಟಿನಲ್ಲಿ ಮಹಾ ಮೋಸಗಾರ, ಸಿಕ್ಕಿಬಿದ್ದರೆ ತಾನೇ ಮೊದಲು ನಗುತ್ತಾನೆ. ಹದಿನಾರಕ್ಕೇ ಕುಡಿತ ಹತ್ತಿಸಿಕೊಂಡ. ಬಿಯರ್ ಸಿಗದ ದಿನ ಸಕ್ಕರೆ, ಯೀಸ್ಟು ಬಕೆಟ್ಟಿಗೆ ಹಾಕಿ ಕೊಳೆಸಿ ಮನೆಯಲ್ಲೇ ಹೆಂಡ ಮಾಡುತ್ತಿದ್ದ. ಹೆಂಡತಿ ಎರಡು ವರ್ಷ ಸಹಿಸಿ ತವರಿಗೆ ಹೋದಳು. ಒಳ್ಳೆಯ ಕೆಲಸವನ್ನೇ ಮಾಡಿದಳು.

ಐದು ವರ್ಷದ ಹಿಂದೆ, ಆ ಹೆಂಡ ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ಗಂಡ ಟೊಮಾಸಿಯನ್ನು ಸಾವುಸಾವು ಎಂಬ ಪೇಟೆಯಿಂದ ಕರೆತರುತ್ತಿದ್ದ. ದೋಣಿ ದಿಬ್ಬಕ್ಕೆ ಬಡಿಯಿತು, ಟೊಮಾಸಿ ನೀರಿಗೆ ಬಿದ್ದ. ನೆಮಾನಿ ಒಬ್ಬನೇ ದಡಕ್ಕೆ ಬಂದ. ಹೆಣ ಸಿಕ್ಕಿದ್ದು ಮೂರನೆಯ ದಿನ.

ಹತ್ತನೆಯ ದಿನ ಅವನ ಕುಲದ ಹಿರಿಯರು ತಿಮಿಂಗಿಲದ ಹಲ್ಲು ಹಿಡಿದು, ತಲೆ ತಗ್ಗಿಸಿ, ಕ್ಷಮೆ ಕೇಳಲು ನಮ್ಮ ಬಾಗಿಲಿಗೆ ಬಂದರು. ನಮ್ಮ ಹಿರಿಯರು ಆ ಹಲ್ಲನ್ನು ಕೈಗೆ ತೆಗೆದುಕೊಂಡರು. ತೆಗೆದುಕೊಂಡಮೇಲೆ ಮುಗಿಯಿತು, ತಪ್ಪು ಮಣ್ಣಾದಂತೆ. ಮತ್ತೆ ಆ ಮಾತೆತ್ತಿದರೆ ಎರಡೂ ಕುಲಕ್ಕೆ ಅವಮಾನ. ನಾಲ್ಕು ವರ್ಷ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವನ ಕುಡಿತ ಮಾತ್ರ ದುಪ್ಪಟ್ಟಾಯಿತು. "ಕ್ಷಮಿಸಿದ್ದೂ ಆಯ್ತಲ್ಲ, ಇನ್ನೇನಂತೆ ಇವನಿಗೆ?" ಅಂತ ಊರವರು ಬೈದರು. ನಾನೂ ಬೈದೆ.

ಅಕೆನೆಟಾ ಬಂದದ್ದು ಆಮೇಲೆ. ಮೊದಲು ನರ್ಸ್ ಆಗಿದ್ದವಳು, ಈಗ ಕುಡಿತಕ್ಕೆ ಸಿಕ್ಕಿದವರ ಜೊತೆ ಕೂತು ಮಾತಾಡುವುದೇ ಅವಳ ಕೆಲಸ. ಹದಿನೈದು ದಿನಕ್ಕೊಮ್ಮೆ, ಗುರುವಾರ ಪೇಟೆಯಿಂದ ಬರುತ್ತಾಳೆ. ಬೋಧನೆ ಮಾಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಅವನ ಜೊತೆ ಬಲೆ ಹೊಲಿಯುತ್ತಾ ಕೂರುತ್ತಿದ್ದಳು. ಗಂಟಲು ಹೆಂಡ ಕೇಳುವುದು ಎಷ್ಟು ಹೊತ್ತಿಗೆ, ಆಗ ಪಕ್ಕದಲ್ಲಿ ಯಾರಿರುತ್ತಾರೆ, ಅದಕ್ಕೆ ಮುಂಚೆ ಏನು ನೆನಪಾಗುತ್ತದೆ ಅಂತ ಕೇಳುತ್ತಿದ್ದಳು. ಒಂದು ಗುರುವಾರ ಆ ದಾರ ಹಿಡಿದು ನನ್ನ ಅಂಗಡಿಗೇ ಬಂದಳು.

"ಕುಡೀಬೇಕು ಅನ್ಸಿದಾಗ ಇದನ್ನ ಯಾರ ಕೈಗಾದ್ರೂ ಕೊಟ್ಟುಬಿಡ್ಬೇಕು ಅಂತ ಮಾತಾಡ್ಕೊಂಡಿದೀವಿ, ವಸಿಟಿ."

"ಊರಲ್ಲಿ ಬೇರೆ ಮೊಳೆ ಇಲ್ವಾ ನರ್ಸಮ್ಮ?"

"ಇದಾವೆ. ಅವನು ಕೇಳಿದ್ದು ಇದನ್ನೇ."

"ಹಲ್ಲು ತಗೊಂಡಾಗಿದೆ. ಆ ಮಾತು ಮುಗೀತು."

"ನಿಮ್ಮ ಹಿರಿಯರಿಗೆ ಮುಗೀತು. ಅವನ ಗಂಟಲಲ್ಲಿ ಇನ್ನೂ ಇದೆ. ನಿಮ್ಮ ಗಂಟಲಲ್ಲೂ ಏನೋ ಇದ್ದಂಗಿದೆ."

ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಅಂದೆ. ಅವಳು ಹೋದಳು, ದಾರ ಗಲ್ಲಾಪೆಟ್ಟಿಗೆಯ ಮೇಲೆ ಉಳಿಯಿತು. ಸಂಜೆ ಅದನ್ನು ಮೊಳೆಗೆ ಹಾಕಿದೆ.

ದಿನಾ ಸಂಜೆ ದಾರ ತಂದು ಕೊಡುತ್ತಿದ್ದ, ಬೆಳಿಗ್ಗೆ ಒಯ್ಯುತ್ತಿದ್ದ. ಹನ್ನೊಂದು ತಿಂಗಳು ಅವನು ಹೆಂಡ ಮುಟ್ಟಲಿಲ್ಲ. ಊರು ಅವನನ್ನು ಮತ್ತೆ ನಂಬಿತು. ಆಚೆ ದಡದ ಶಾಲೆಯಲ್ಲಿ ವಾರವಿಡೀ ಉಳಿಯುವ ಹದಿನೆಂಟು ಮಕ್ಕಳನ್ನು ಶುಕ್ರವಾರ ಕರೆತರುವ ಕೆಲಸ ಅವನದಾಯಿತು.

ಕಳೆದ ತಿಂಗಳ ಒಂದು ಶುಕ್ರವಾರ ಅವನ ಚಿಕ್ಕಪ್ಪನ ಮಣ್ಣು. ಬೆಳಿಗ್ಗೆಯೇ ದಾರ ಒಯ್ದಿದ್ದ. ಗಾಳಿ ಉತ್ತರಕ್ಕೆ ತಿರುಗಿತ್ತು, ಸಮುದ್ರ ಸೀಸದ ಬಣ್ಣಕ್ಕೆ ಬಂದಿತ್ತು, ನಾಯಿಗಳು ದಡಕ್ಕೆ ಇಳಿಯದೆ ಮನೆಗಳ ಕೆಳಗೇ ಮುದುರಿದ್ದವು. ಚಪ್ಪರದಲ್ಲಿ, ಬೇರು ಅರೆದು ನೀರಿಗೆ ಕಲಸಿದ ಕಾವಾ ಬಟ್ಟಲು ಸುತ್ತು ಬರುತ್ತಿತ್ತು. ನೆಮಾನಿ ಮರ್ಯಾದೆಗೆ ಒಮ್ಮೆ ಚಪ್ಪಾಳೆ ತಟ್ಟಿ, ಕುಡಿಯದೆ ಪಕ್ಕಕ್ಕೆ ದಾಟಿಸುತ್ತಿದ್ದ.

"ಏನೋ, ನರ್ಸಮ್ಮನ ಅಪ್ಪಣೆ ಆಗಿಲ್ವಾ?" ಅಂದ ಒಬ್ಬ.

"ಚಿಕ್ಕಪ್ಪ ಸತ್ತಿದಾನೆ, ಒಂದು ಬಟ್ಟಲೂ ಕುಡಿಯಲ್ವಾ?" ಅಂದ ಇನ್ನೊಬ್ಬ.

ನಾಲ್ಕನೆಯ ಸುತ್ತಿಗೆ ಅವನು ಕುಡಿದ. ಕಾವಾ ಹೆಂಡವಲ್ಲ, ಸಾವಿನ ಮನೆಯಲ್ಲಿ ಅದು ಮರ್ಯಾದೆ. ಆದರೆ ಕಾವಾ ಆದಮೇಲೆ ಬಿಯರ್‌ನಲ್ಲಿ ಬಾಯಿ ತೊಳೆಯುವುದು ನಮ್ಮ ಗಂಡಸರ ಚಾಳಿ. ಎಲ್ಲರೂ ಎದ್ದು ಚಪ್ಪರದ ಹಿಂದಕ್ಕೆ ಹೋದರು. ಅವನೂ ಹೋದ. ಅಂಗಡಿಯ ಕಿಟಕಿಯಿಂದ ನಾನು ನೋಡುತ್ತಾ ನಿಂತೆ.

ಎರಡು ಗಂಟೆಗೆ ನೆಮಾನಿ ದಡಕ್ಕೆ ಇಳಿದ. ಆ ನಡಿಗೆ ನನಗೆ ಗೊತ್ತು, ಐದು ವರ್ಷ ಕನಸಿನಲ್ಲಿ ಕಂಡದ್ದು. ಮೂರಕ್ಕೆ ಮಕ್ಕಳು ಆಚೆ ದಡದಲ್ಲಿ ಕಾಯುತ್ತಿರುತ್ತಾರೆ. ಬಾಗಿಲು ತೆರೆದೇ ಬಿಟ್ಟು ಓಡಿದೆ.

ದೋಣಿಯಲ್ಲಿ ಕೂತಿದ್ದ. ಇಂಜಿನ್ ಚಾಲೂ ಆಗಿರಲಿಲ್ಲ. ದಾರ ಮುಷ್ಟಿಯಲ್ಲಿತ್ತು.

"ತಗೊಳ್ಳಕ್ಕ. ಎರಡು ಬಾಟ್ಲಿ ಆಗಿದೆ. ಬೇಗ ತಗೋ, ಇಲ್ದಿದ್ರೆ ಹೊರಟುಬಿಡ್ತೀನಿ."

ಕಿತ್ತುಕೊಂಡೆ. ಹೊಡೆಯಲು ಕೈಯೆತ್ತಿದ್ದೆ.

"ಅವತ್ತು ಟೊಮಾಸಿ ದೋಣಿಯ ಅಂಚು ಹಿಡಿದಿದ್ದ ಅಕ್ಕ," ಅಂದ. "ಹೆಸರು ಹಿಡಿದು ಕರೆದ. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ನಾನು ನಕ್ಕೆ. ನಗ್ತಾ ಇದ್ದಂಗೇ ಕೈ ಜಾರಿತು."

ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಅವನನ್ನು ನೀರಿಗೆ ನೂಕಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನನ್ನ ಗಂಟಲಲ್ಲಿದ್ದದ್ದು ತಾನೇ ಹೊರಗೆ ಬಂತು.

"ಅವತ್ತಿನ ಹೆಂಡಕ್ಕೆ ಯೀಸ್ಟ್ ಕೊಟ್ಟೋಳು ನಾನು. ನೀನು ಬ್ರೆಡ್ ಮಾಡೋನಲ್ಲ ಅಂತ ಗೊತ್ತಿದ್ದೂ ಕೊಟ್ಟೆ ಕಣೋ."

ಶಾಲೆಗೆ ಫೋನ್ ಮಾಡಿ, ಮಕ್ಕಳನ್ನು ಅಲ್ಲೇ ಉಳಿಸಿಕೊಳ್ಳಿ ಅಂದೆ. ಆಮೇಲೆ ಅಕೆನೆಟಾಗೆ ಮಾಡಿದೆ. "ಹನ್ನೊಂದು ತಿಂಗಳು ದಂಡ ಆಗಿಲ್ಲ, ದಾರ ಅವನೇ ಕೊಟ್ಟಿದಾನಲ್ಲ," ಅಂದಳು. "ಒಬ್ಬನೇ ಬಿಡಬೇಡಿ. ಬೆಳಿಗ್ಗೆ ಯಾವ ದೋಣಿ ಸಿಕ್ಕಿದ್ರೂ ಬರ್ತೀನಿ. ನೀವೂ ಕೂತ್ಕೋಬೇಕು ನಮ್ಮ ಜೊತೆ." ನಾಲ್ಕಕ್ಕೆ ಸಮುದ್ರ ಕೆರಳಿ ದಿಬ್ಬದ ಮೇಲೆ ಬಿಳಿ ನೊರೆ ಎದ್ದಿತು. ಟೊಮಾಸಿ ಬಿದ್ದ ಜಾಗ ಅದೇ. ಕತ್ತಲಾಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು.

ಈಗ ಗುರುವಾರ ಬಲೆ ಹೊಲಿಯಲು ನಾನೂ ಕೂರುತ್ತೇನೆ. ಮುಗಿದ ಮಾತನ್ನು ಕೆದಕಿದೆ ಅಂತ ಹಿರಿಯರು ಮುಖ ತಿರುಗಿಸುತ್ತಾರೆ. ಅಂಗಡಿಯಲ್ಲಿ ಯೀಸ್ಟ್ ಇಟ್ಟಿಲ್ಲ ಅಂತ ಹೆಂಗಸರು ಬೈಯುತ್ತಾರೆ, ಬೈಯಲಿ. ನೆಮಾನಿ ಮತ್ತೆ ಒಂದರಿಂದ ಎಣಿಸುತ್ತಿದ್ದಾನೆ, ನಿನ್ನೆಗೆ ಮೂವತ್ತನಾಲ್ಕು ದಿನ. ದಾರ ಕೊಡುವ ಮುಂಚೆ ಹತ್ತಿರ ಕರೆದು ಅವನ ಬಾಯಿ ಮೂಸಿ ನೋಡುತ್ತೇನೆ. ಮೂಸುವಾಗ ನನಗಿಂತ ಅವನಿಗೇ ಭಯ.

ಇವತ್ತು ಶುಕ್ರವಾರ. ಬಿಸಿಲೇರಿದೆ, ಅವನು ಬಂದಿಲ್ಲ, ದಾರ ಇನ್ನೂ ಮೊಳೆಯಲ್ಲೇ ಇದೆ. ಅವನ ಮನೆಗೆ ಹೊರಟಿದ್ದೇನೆ.