ಟವೆಲಿನ ಕೆಳಗಿನ ದರ

ಬಡವನಹಳ್ಳಿ ಸಂತೆಯಲ್ಲಿ ಹನ್ನೆರಡು ಕುರಿಗಳ ವ್ಯಾಪಾರ. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸಬೇಕು. ಮಾರುವವನಿಗೆ ನಲವತ್ತೂ ದಾಟಿರಲಿಲ್ಲ, ಕಣ್ಣಿನ ರೆಪ್ಪೆ ಮಾತ್ರ ಜೋತುಬಿದ್ದಿತ್ತು. ಬೆಳಿಗ್ಗೆ ಅವನು ಚುರುಕಾಗಿ ಬೆರಳಲ್ಲಿ ತಿಳಿಸಿದ ದರಕ್ಕೆ, ಕೊಳ್ಳಲು ಬಂದ ನಾನು ಒಪ್ಪಲಿಲ್ಲ. ಎದುರಿನವನನ್ನು ಕಾಯಿಸಿ ದಣಿಸುವುದು ನನ್ನ ರೂಢಿ. ಮಧ್ಯಾಹ್ನ ಮತ್ತೆ ಬೆರಳು ಹಿಡಿದರೆ ಅರ್ಧ ದರಕ್ಕೇ ತಲೆಯಾಡಿಸಿದ.

ಅವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು. "ಮೈಟೊಕಾಂಡ್ರಿಯಾ ಕಾಯಿಲೆ ಅಂತಾರೆ ಕಣಣ್ಣ ಡಾಕ್ಟ್ರು. ಮೈಯ ಕಣಕಣದಲ್ಲೂ ಶಕ್ತಿನೇ ಹುಟ್ಟಲ್ವಂತೆ. ದಣಿದ್ರೆ ಲೆಕ್ಕ ತಲೇಲಿ ನಿಲ್ಲಲ್ಲ. ಬೆಳಗಿನ ದರ ಕೊಟ್ಬುಡಿ. ಸಂತೇಲಿ ಹೇಳ್ಬೇಡಿ, ಆಮೇಲೆ ಯಾರೂ ಅವ್ರ ಜೊತೆ ವ್ಯಾಪಾರಕ್ಕೆ ಬರಲ್ಲ."

ಬೆಳಗಿನ ದರದಲ್ಲೂ ನನಗೆ ಲಾಭವಿತ್ತು, ಒಪ್ಪಿದೆ. ಟವೆಲಿನ ಕೆಳಗೆ ಅವನ ಬೆರಳು ಹಿಡಿದು ಅದೇ ದರ ತಿಳಿಸಿದೆ. ಅವನಿಗೆ ತಿಳಿಯಲಿಲ್ಲ. "ಎಷ್ಟಣ್ಣ ಅದು?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿಬಿಟ್ಟ.

"ಏನ್ಲಾ, ಬೆರಳು ಎಣಿಸೋಕೂ ಬರಲ್ವಾ?" ಎಂದು ಪಕ್ಕದ ದಲ್ಲಾಳಿ ನಕ್ಕ.

ಹೆಂಡತಿ ಮುಂದೆ ಬಂದು ತನ್ನ ಕೈಯನ್ನೇ ಟವೆಲಿನ ಕೆಳಗಿಟ್ಟು, ನಾನು ಹಿಡಿದ ದರಕ್ಕೆ ಒಪ್ಪಿದಳು. ಹೆಂಗಸರು ಹಾಗೆ ಇಡುವುದನ್ನು ನಾನು ಕಂಡಿರಲಿಲ್ಲ. ಗಂಡ ಕುರಿಗಳ ಕಡೆ ತಿರುಗಿ ನಿಂತ.

ಮಧ್ಯಾಹ್ನದವರೆಗೆ ಕಾದು ನಾನು ಗಳಿಸಿದ್ದು ಹನ್ನೆರಡು ಕುರಿ, ಬೆಳಿಗ್ಗೆಯೇ ಸಿಗುತ್ತಿದ್ದ ದರಕ್ಕೆ.